ಅಣುವಿನಲ್ಲಿ ಬರೆದಿಟ್ಟ ‘ಕ’ವನ್ನು ಮುಂದೆ ಓದುವವರು ಯಾರು?

ಮಸ್ಕಿ ಡಿಟಿಪಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಸ್ಕಿಯಲ್ಲಿ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಬಾಂಡ್ ಪೇಪರ್ ಟೈಪಿಂಗ್, ಪಹಣಿ ಪ್ರಿಂಟ್, ಮಕ್ಕಳ ಪ್ರಾಜೆಕ್ಟ್ ಬೈಂಡಿಂಗ್, ಇದೇ ದಿನದ ಕೆಲಸ. ಮದುವೆಯಾಗಿ ಬಂದಾಗಿನಿಂದ ಕನ್ನಡ ಟೈಪ್ ಮಾಡುತ್ತಿದ್ದೇನೆ. ನನ್ನ ಪ್ರಶ್ನೆ ವಿಜ್ಞಾನದ್ದು. ಆದರೆ ಅದು ಹುಟ್ಟಿದ್ದು ನಮ್ಮ ಮನೆಯ ಟ್ರಂಕಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಮಾವ ಮೊಹರಂನಲ್ಲಿ ರಿವಾಯತ್ ಪದ ಹಾಡುತ್ತಿದ್ದರು. ಮುದಗಲ್ಲಿನ ಮೊಹರಂ ನೋಡಿದವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕರ್ಬಲದ ಕಥೆ, ಹಸನ್ ಹುಸೇನರ ಕಥೆ, ಎಲ್ಲಾ ನಮ್ಮ ಕನ್ನಡದಲ್ಲೇ. ಮಾವ ಮುಂದೆ ನಿಂತು ನುಡಿ ಹೇಳುವುದು, ಹಿಂದಿನವರು ಸೊಲ್ಲು ಹಿಡಿಯುವುದು. ತಮ್ಮ ಗುರುಗಳಿಂದ ಕಲಿತದ್ದನ್ನೆಲ್ಲ ಮೂರು ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದರು.

2003ರ ಬೇಸಿಗೆಯಲ್ಲಿ ಮಾವ ಓದಿ ಹೇಳಿದರು, ನಾನು ಟೈಪ್ ಮಾಡಿದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ದಿನಕ್ಕೆ ನಾಲ್ಕೈದು ಪದ. ಅವರಿಗೆ ಸುಮ್ನೆ ಓದಿ ಹೇಳಲು ಬರುತ್ತಿರಲಿಲ್ಲ, ಹಾಡಿಯೇ ಹೇಳಬೇಕು. ನಾನು ಕೈ ಎತ್ತಿದರೆ ನಿಲ್ಲಿಸುತ್ತಿದ್ದರು. ಹಾಗೆ 312 ಪದ ಆದವು. ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿ ಫ್ಲಾಪಿಗೆ ಹಾಕಿದೆ. ಮುಂದೆ ಫ್ಲಾಪಿ ಕಾಣೆಯಾಗುವ ಕಾಲ ಬಂತು ಅಂತ ಸಿಡಿಗೆ ಹಾಕಿದೆ. ಅಚ್ಚು ಹಾಕಿಸಬೇಕು ಅಂತ ಆಸೆ ಇತ್ತು, ಆಗಲಿಲ್ಲ. ಮಾವ ಈಗ ಇಲ್ಲ.

ಹೋದ ವರ್ಷ ಟ್ರಂಕ್ ತೆಗೆದರೆ ನೋಟ್‌ಬುಕ್‌ಗೆ ಗೆದ್ದಲು ಹತ್ತಿತ್ತು. ಮೇಲಿನ ರಟ್ಟು ಹಾಗೇ ಇದೆ. ತೆರೆದರೆ ಒಳಗೆ ಬರೀ ಮಣ್ಣು. ಹೊಲಿಗೆ ಹಾಕಿದ್ದ ದಾರ ಮಾತ್ರ ಉಳಿದಿತ್ತು. ಆಗ ಸಿಡಿ ನೆನಪಾಯಿತು. ಈಗಿನ ಕಂಪ್ಯೂಟರ್‌ಗೆ ಸಿಡಿ ಹಾಕುವ ಜಾಗವೇ ಇಲ್ಲ. ಹೊರಗಿಂದ ಜೋಡಿಸುವ ಡ್ರೈವ್ ತರಿಸಿದೆ. ಸಿಡಿ ಓದಿತು! ಒಂದೂ ಫೈಲ್ ಕೆಟ್ಟಿರಲಿಲ್ಲ. ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು.

ಫೈಲ್ ತೆರೆದೆ. ಕನ್ನಡ ಇಲ್ಲ. ‘ಕ’ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಇರುವ ಎ. ‘ನ’ ಇರಬೇಕಾದ ಕಡೆ ಪೌಂಡ್ ಗುರುತು. ಒತ್ತಕ್ಷರ ಇದ್ದಲ್ಲಿ ಬರೀ ಚೌಕ. ನಾನು ಆಗ ಬಳಸಿದ್ದು ನಮ್ಮ ಅಂಗಡಿಗಳಿಗೆ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳೂ ಒಪ್ಪಿದ ಒಂದೇ ನಂಬರ್) ಬರುವ ಮೊದಲಿನ ಒಂದು ಫಾಂಟ್. ಯಾವ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಯಾವ ಕನ್ನಡ ಅಕ್ಷರ ಕೂರಬೇಕು ಅನ್ನುವುದು ಆ ಫಾಂಟಿಗೆ ಮಾತ್ರ ಗೊತ್ತು. ಆ ಫಾಂಟ್ ಇದ್ದ ಕಂಪ್ಯೂಟರ್ ಗುಜರಿಗೆ ಹೋಗಿ ಹತ್ತು ವರ್ಷ ಆಯಿತು.

ಮೊನ್ನೆ ರಾಯಚೂರಲ್ಲಿ ಬಿಎಸ್ಸಿ ಓದುವ ಮಗ ಬಂದವನು, “ಅವ್ವಾ, ಈಗ ಅಣುವಿನಲ್ಲೇ ಫೈಲ್ ಇಡುತ್ತಾರೆ, ಸಾವಿರ ವರ್ಷ ಕೆಡುವುದಿಲ್ಲ” ಅಂತ ಹೇಳಿದ. ಲ್ಯಾಬಿನಲ್ಲಿ ಮಾಡಿದ ಡಿಎನ್‌ಎಯಲ್ಲಿ ಇಡಬಹುದಂತೆ. ಪ್ಲಾಸ್ಟಿಕ್ ತರಹದ ಸರಪಳಿಯಲ್ಲೂ ಇಡಬಹುದಂತೆ. ತಿಳಿದವರು ದಯವಿಟ್ಟು ಹೇಳಿ. ಒಂದು ಕನ್ನಡ ಅಕ್ಷರ ಅಣುವಿನೊಳಗೆ ಹೋಗುವುದು ಹೇಗೆ? ನಮ್ಮಂಥವರು ಮಾಡಿಸಿದರೆ ಎಷ್ಟು ಖರ್ಚು? ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ನನ್ನ ಸಿಡಿ ಕೆಡಲಿಲ್ಲ, ಆದರೂ ಪದ ಓದಲು ಆಗುತ್ತಿಲ್ಲ. ಸಾವಿರ ವರ್ಷ ಆದ ಮೇಲೆ ಆ ಅಣು ಸಿಕ್ಕವರಿಗೆ, ಇದು ‘ಕ’, ಇದು ‘ನ’ ಅಂತ ಹೇಳುವವರು ಯಾರು?

---

ಗಂಗಾವತಿ ಪ್ರೂಫ್ ರೀಡರ್:

ಅಕ್ಕಾ, ಅಣುವಿನ ವಿಷಯ ಬಲ್ಲವರು ಹೇಳಲಿ. ನಾನು ಪ್ರೆಸ್ಸಿನವನು, ಫೈಲಿನ ವಿಷಯ ಹೇಳುತ್ತೇನೆ. ನಿಮ್ಮ ಪದ ಹೋಗಿಲ್ಲ. ಹಳೆ ಫಾಂಟಿನಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ, ನಾವು ದಿನಾ ಬಳಸುತ್ತೇವೆ. ಪೇಜ್‌ಮೇಕರ್ ಫೈಲಿನಿಂದ ಬರೀ ಪಠ್ಯ ಹೊರಗೆ ತೆಗೆದು ಅದಕ್ಕೆ ಹಾಕಬೇಕು. ‘ಕ’ಗೆ ಪಿ, ‘ನ’ಗೆ ಪೌಂಡ್ ಅಂದಿರಲ್ಲ, ಆ ಜೋಡಣೆ ನಮಗೆ ಚೆನ್ನಾಗಿ ಗೊತ್ತಿರುವುದೇ. ಕೆಲವು ಒತ್ತಕ್ಷರ ಕೈಕೊಡಬಹುದು, ಅವನ್ನು ಕೈಯಿಂದಲೇ ತಿದ್ದಬೇಕು. ಮೊದಲು ಆ ಫೈಲುಗಳನ್ನು ಇದ್ದ ಹಾಗೇ ಮೂರು ಕಡೆ ಕಾಪಿ ಮಾಡಿ ಇಡಿ. ತೆರೆದು ಸೇವ್ ಮಾಡಬೇಡಿ. ಒಂದು ಪದ ಇಲ್ಲಿ ಹಾಕಿ, ತಿರುಗಿಸಿ ತೋರಿಸುತ್ತೇನೆ.

---

ದೇವದುರ್ಗದ ಆಲಿಗೊ:

ಅಕ್ಕಾ, ನಾನು ದೇವದುರ್ಗದವನು. ಬೆಂಗಳೂರಿನಲ್ಲಿ ಆಲಿಗೊ ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಆಲಿಗೊ ಅಂದರೆ ರಾಸಾಯನಿಕವಾಗಿ ಹೆಣೆದ ಡಿಎನ್‌ಎಯ ಚಿಕ್ಕ ಎಳೆ. ಯಾವ ಜೀವಿಯಿಂದಲೂ ತೆಗೆದದ್ದಲ್ಲ, ಬಾಟಲಿಯ ರಾಸಾಯನಿಕಗಳಿಂದ ಮಾಡಿದ್ದು. ನೀವು ಕೇಳಿದ ಹಾಗೆ ಒಂದು ಅಕ್ಷರ ಹಿಡಿದೇ ಹೇಳುತ್ತೇನೆ.

‘ಕ’ ತೆಗೆದುಕೊಳ್ಳೋಣ. ಯೂನಿಕೋಡ್‌ನಲ್ಲಿ ಅದರ ನಂಬರ್ 3221. ಕಂಪ್ಯೂಟರ್ ಅದನ್ನು 16 ಸೊನ್ನೆ ಒಂದುಗಳಲ್ಲಿ ಬರೆದರೆ ಹೀಗೆ: 0000 1100 1001 0101. ಡಿಎನ್‌ಎಯಲ್ಲಿ ನಾಲ್ಕು ಬಗೆಯ ಬೇಸ್, ಅಂದರೆ ಎಳೆಯ ಮಣಿಗಳು, ಇವೆ. ಎ, ಸಿ, ಜಿ, ಟಿ. 00 ಬಂದರೆ ಎ, 01ಕ್ಕೆ ಸಿ, 10ಕ್ಕೆ ಜಿ, 11ಕ್ಕೆ ಟಿ ಅಂತ ನಾವೇ ಒಪ್ಪಂದ ಮಾಡಿಕೊಳ್ಳೋಣ. ಆಗ ‘ಕ’ ಅಂದರೆ ಎ‌-ಎ-ಟಿ-ಎ-ಜಿ-ಸಿ-ಸಿ-ಸಿ. ಎಂಟು ಬೇಸ್. ನಿಮ್ಮ ಊರಿನ ಹೆಸರು ‘ಮಸ್ಕಿ’ಯಲ್ಲಿ ಕಂಪ್ಯೂಟರಿಗೆ ಐದು ಗುರುತು ಕಾಣುತ್ತವೆ: ಮ, ಸ, ವಿರಾಮ, ಕ, ಗುಡಿಸು. ಅದಕ್ಕೆ 40 ಬೇಸ್.

ಕೊನೆಯಲ್ಲಿ ಮೂರು ಸಿ ಸಾಲಾಗಿ ಬಂದವು ನೋಡಿ. ಒಂದೇ ಬೇಸ್ ಮೇಲಿಂದ ಮೇಲೆ ಬಂದರೆ ಓದುವ ಯಂತ್ರ ಎಣಿಕೆ ತಪ್ಪುತ್ತದೆ. 2012ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಂಡ 53,000ಕ್ಕೂ ಜಾಸ್ತಿ ಶಬ್ದಗಳ ಒಂದು ಪುಸ್ತಕವನ್ನೇ ಡಿಎನ್‌ಎಗೆ ಇಳಿಸಿತು. ಅವರು ಸೊನ್ನೆಗೆ ಎ ಅಥವಾ ಸಿ, ಒಂದಕ್ಕೆ ಜಿ ಅಥವಾ ಟಿ ಅಂತ ಇಟ್ಟುಕೊಂಡರು. ಸಾಲು ಬಂದರೆ ಬದಲಿಸಿಕೊಳ್ಳಬಹುದು, ಆದರೆ ಜಾಗ ಎರಡು ಪಟ್ಟು ಬೇಕು. ಮರುವರ್ಷ ಇಂಗ್ಲೆಂಡಿನ ನಿಕ್ ಗೋಲ್ಡ್‌ಮನ್ ತಂಡ ಬೇರೆ ದಾರಿ ಹಿಡಿಯಿತು. ಹಿಂದಿನ ಬೇಸ್ ಯಾವುದೋ ಅದನ್ನು ಬಿಟ್ಟು ಉಳಿದ ಮೂರರಲ್ಲಿ ಒಂದನ್ನೇ ಹಾಕುವುದು. ಹಾಗಾಗಿ ಒಂದೇ ಬೇಸ್ ಎರಡು ಸಲ ಸಾಲಾಗಿ ಬರುವುದೇ ಇಲ್ಲ. ಇಬ್ಬರ ಒಪ್ಪಂದ ಬೇರೆ ಬೇರೆ. ಅಷ್ಟೇಕೆ, ಅದೇ ‘ಕ’ವನ್ನು ಇಂದಿನ ವೆಬ್‌ನಲ್ಲಿ ಬಳಸುವ ಯುಟಿಎಫ್-8 ರೀತಿಯಲ್ಲಿ ಬರೆದರೆ 8ರ ಬದಲು 12 ಬೇಸ್ ಆಗುತ್ತದೆ. ನಿಮ್ಮ ಮೂರನೇ ಪ್ರಶ್ನೆಯ ಬಿಸಿ ನಮಗೂ ತಾಗಿದೆ ಅಕ್ಕಾ.

ಹೆಣೆಯುವ ಕೆಲಸ ನನ್ನದು, ಅದನ್ನು ಸ್ವಲ್ಪ ಹೇಳಲೇಬೇಕು. ಕರಿಮಣಿ ಪೋಣಿಸಿದ ಹಾಗೆ ಒಂದೊಂದೇ ಬೇಸ್. ಒಂದು ಸೇರಿಸು, ತೊಳೆ, ಅದರ ತುದಿಯ ಮುಚ್ಚಳ ತೆಗೆ, ಮುಂದಿನದು ಸೇರಿಸು. ಪ್ರತಿ ಸುತ್ತಿನಲ್ಲಿ ನೂರಕ್ಕೆ 99.5 ಸರಗಳು ಸರಿಯಾಗಿ ಕೂಡಿದವು ಅಂತ ಇಟ್ಟುಕೊಳ್ಳಿ. ಒಳ್ಳೆಯ ಕೆಲಸವೇ, ಅಲ್ವಾ? ಆದರೂ 200 ಸುತ್ತು ಮುಗಿಯುವಷ್ಟರಲ್ಲಿ ನೂರರಲ್ಲಿ ಸುಮಾರು 37 ಸರ ಮಾತ್ರ ಪೂರ್ತಿ ಇರುತ್ತವೆ. ಅದಕ್ಕೇ ಉದ್ದ ಹೆಣೆಯುವುದಿಲ್ಲ. ಫೈಲನ್ನು ಸಾವಿರಾರು ತುಂಡು ಮಾಡಿ, ಪ್ರತಿ ತುಂಡಿನ ಒಳಗೆ ಅದರ ಜಾಗದ ನಂಬರ್ ಸೇರಿಸುತ್ತೇವೆ. ಬೈಂಡಿಂಗ್ ಬಿಚ್ಚಿಹೋದ ಪುಸ್ತಕದ ಹಾಳೆಗಳನ್ನು ಪುಟಸಂಖ್ಯೆ ನೋಡಿ ನೀವು ಜೋಡಿಸುವುದಿಲ್ಲವೇ, ಅದೇ ಕೆಲಸ. ಹರ್‌ಗೋಬಿಂದ್ ಖುರಾನಾ ತಂಡ 1970ರಲ್ಲಿ ಮೊದಲ ಕೃತಕ ಜೀನ್ ಕಟ್ಟಿದಾಗ ಅದರ ಉದ್ದ 77 ಜೋಡಿ ಬೇಸ್. ಅದನ್ನು ಕಟ್ಟಲು ಅವರಿಗೆ ವರ್ಷಗಳೇ ಬೇಕಾದವು. ಇವತ್ತು ಸಿಂಥಸೈಸರ್, ಅಂದರೆ ಡಿಎನ್‌ಎ ಹೆಣೆಯುವ ಯಂತ್ರದ ಮುಂದೆ ನಿಂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಖರ್ಚು. 2017ರಲ್ಲಿ ವಿಜ್ಞಾನಿಗಳಾದ ಯಾನಿವ್ ಎರ್ಲಿಖ್ ಮತ್ತು ಡೀನಾ ಝೀಲಿನ್ಸ್ಕಿ 2.14 ಎಂಬಿ ಮಾಹಿತಿಯನ್ನು 72,000 ಎಳೆಗಳಲ್ಲಿ ಬರೆಸಿದರು. ಬರೆಸಲು 7,000 ಡಾಲರ್, ಓದಲು 2,000 ಡಾಲರ್. ಅಂದಿನ ಲೆಕ್ಕದಲ್ಲಿ ಬರೆಸಲಿಕ್ಕೇ ನಾಲ್ಕೂವರೆ ಲಕ್ಷ ರೂಪಾಯಿ. ಒಂದು ಗ್ರಾಂ ಡಿಎನ್‌ಎಯಲ್ಲಿ 215 ಪೆಟಾಬೈಟ್, ಅಂದರೆ 21.5 ಕೋಟಿ ಜಿಬಿ, ಹಿಡಿಸಬಹುದು ಅನ್ನುವ ದೊಡ್ಡ ಅಂದಾಜು ಕೂಡ ಇವರದೇ ಕೆಲಸದಿಂದ ಬಂದದ್ದು. ವೇಗವೂ ಕಡಿಮೆ. 2019ರಲ್ಲಿ ಮೈಕ್ರೋಸಾಫ್ಟ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮನುಷ್ಯರ ಕೈ ತಾಗದೆ ಬರೆದು ಓದುವ ಯಂತ್ರ ಕಟ್ಟಿದರು. ‘ಹಲೋ’ ಅನ್ನುವ ಐದು ಇಂಗ್ಲಿಷ್ ಅಕ್ಷರ ಬರೆದು ತಿರುಗಿ ಓದಲು ಅದಕ್ಕೆ 21 ಗಂಟೆ ಹಿಡಿಯಿತು. 312 ಪದಕ್ಕೆ ಇವತ್ತು ಇದು ದಾರಿಯಲ್ಲ. ನಿಮ್ಮ ದುಡ್ಡು ಪುಸ್ತಕ ಅಚ್ಚು ಹಾಕಿಸಲು ಹೋಗಲಿ ಅಂತ ಮನಸ್ಸಿನಿಂದ ಹೇಳುತ್ತೇನೆ.

ಪ್ಲಾಸ್ಟಿಕ್ ತರಹದ ಸರಪಳಿ ಅಂದಿರಲ್ಲ, ನನಗೆ ಬಹಳ ಹಿಡಿಸಿದ್ದು ಅದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಝಾನ್-ಫ್ರಾನ್ಸ್ವಾ ಲುಟ್ಸ್ ಅವರ ತಂಡದ ಕೆಲಸ. ಡಿಎನ್‌ಎ ಅಲ್ಲವೇ ಅಲ್ಲ, ಪೂರ್ತಿ ಮನುಷ್ಯ ಮಾಡಿದ ಪಾಲಿಮರ್. ಅದರಲ್ಲಿ ಎರಡೇ ಬಗೆಯ ಮಣಿ, ಒಂದು ಸೊನ್ನೆ, ಇನ್ನೊಂದು ಒಂದು. ‘ಒಂದು’ ಅನ್ನುವ ಮಣಿಗೆ ಎರಡು ಚಿಕ್ಕ ಮೀಥೈಲ್ ಗುಂಪು ಜಾಸ್ತಿ ಇರುತ್ತವೆ, ಅದರಿಂದ ತೂಕ ಪರಮಾಣು ಲೆಕ್ಕದ 28 ಘಟಕ ಹೆಚ್ಚು. ಓದುವುದು ತೂಕದಿಂದಲೇ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುವ ಯಂತ್ರದಲ್ಲಿ ಸರ ಹರಿದು ತುಂಡುಗಳ ತೂಕ ನೋಡುತ್ತಾರೆ. ಎಲ್ಲೆಂದರಲ್ಲಿ ಹರಿದರೆ ಗೊಂದಲ. ಅದಕ್ಕೆ ಪ್ರತಿ ಎಂಟು ಮಣಿಯ ನಂತರ ಬೇಕೆಂದೇ ಒಂದು ಸಡಿಲ ಗಂಟು ಹಾಕಿದರು. ಯಂತ್ರದಲ್ಲಿ ಸರ ಮೊದಲು ಆ ಗಂಟುಗಳಲ್ಲೇ ಬಿಡುತ್ತದೆ. ಯಾವ ತುಂಡು ಎಷ್ಟನೆಯದು ಅಂತ ತಿಳಿಯಲು ತುಂಡಿಗೊಂದು ಬೇರೆ ತೂಕದ ಗುರುತು. 2017ರಲ್ಲಿ ಹೀಗೆ ‘ಸೀಕ್ವೆನ್ಸ್’ ಅನ್ನುವ ಎಂಟು ಇಂಗ್ಲಿಷ್ ಅಕ್ಷರಗಳ ಶಬ್ದವನ್ನು ಒಂದೇ ಸರದಲ್ಲಿ ಬರೆದು ಓದಿದರು. ನಿಮ್ಮ ‘ಕ’ ಇದರಲ್ಲಿ 16 ಮಣಿ. ಒಂದು ಕೊರತೆ ಇದೆ. ಓದಲು ಹಾಕಿದ ಸರ ಓದುವಾಗಲೇ ಒಡೆದುಹೋಗುತ್ತದೆ. ಡಿಎನ್‌ಎ ಆದರೆ ಮೊದಲು ಪಿಸಿಆರ್ ಅನ್ನುವ ಲ್ಯಾಬಿನ ವಿಧಾನದಲ್ಲಿ ಕೋಟಿಗಟ್ಟಲೆ ನಕಲು ತೆಗೆದುಕೊಳ್ಳಬಹುದು. ಈ ಪಾಲಿಮರ್‌ಗೆ ಆ ಅನುಕೂಲ ಇಲ್ಲ.

ಬಾಳಿಕೆಯ ಬಗ್ಗೆ ಮಗ ಹೇಳಿದ್ದು ಗಾಳಿಮಾತಲ್ಲ. ಆದರೆ ಹೇಗೆ ಇಡುತ್ತೇವೆ ಅನ್ನುವುದರ ಮೇಲಿದೆ. ನೀರು ಮತ್ತು ಬಿಸಿ ಡಿಎನ್‌ಎಯ ಶತ್ರುಗಳು. 2015ರಲ್ಲಿ ಝೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗ್ರಾಸ್ ತಂಡ ಡಿಎನ್‌ಎಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಜಿನ ಗೋಲಿಗಳೊಳಗೆ ಮುಚ್ಚಿಟ್ಟು, 70 ಡಿಗ್ರಿ ಬಿಸಿಯಲ್ಲಿ ಒಂದು ವಾರ ಇಟ್ಟಿತು. ಮಾಹಿತಿ ತಪ್ಪಿಲ್ಲದೆ ಹೊರಬಂತು. ಯುರೋಪಿನ ತಂಪಿನಲ್ಲಿ ಇದು 2,000 ವರ್ಷಕ್ಕೆ ಸಮ ಅಂತ ಲೆಕ್ಕ ಹಾಕಿದರು. ನಮ್ಮ ರಾಯಚೂರಿನ ಮೇ ತಿಂಗಳಿನಲ್ಲಿ ತಗಡಿನ ಶೀಟಿನ ಕೆಳಗೆ ಇಟ್ಟರೆ ಅಷ್ಟು ಬಾಳುವುದಿಲ್ಲ.

ಇನ್ನು ಮೂರನೆಯದು. ಇಲ್ಲಿ ಎರಡು ಬೇರೆ ಓದು ಇವೆ. ಎ, ಸಿ, ಜಿ, ಟಿ ಅಂತ ಓದುವ ಯಂತ್ರ ಮಾಯವಾಗುವುದಿಲ್ಲ. ಕಾಯಿಲೆಗೆ, ಬೆಳೆಗೆ, ಎಲ್ಲದಕ್ಕೂ ಮನುಷ್ಯನಿಗೆ ಡಿಎನ್‌ಎ ಓದಲೇಬೇಕು. ಫ್ಲಾಪಿ ಡ್ರೈವ್‌ಗೆ ಬಂದ ಗತಿ ಇದಕ್ಕೆ ಬಾರದು. ಆದರೆ ಆ ಬೇಸ್‌ಗಳಿಂದ ‘ಕ’ಗೆ ಹೋಗುವ ಒಪ್ಪಂದ ಡಿಎನ್‌ಎಯೊಳಗೆ ತಾನಾಗಿ ಇರುವುದಿಲ್ಲ. ಇದಕ್ಕಾಗಿಯೇ ಡಿಎನ್‌ಎ ಡೇಟಾ ಸ್ಟೋರೇಜ್ ಅಲಯನ್ಸ್ ಅನ್ನುವ ಒಕ್ಕೂಟ 2024ರಲ್ಲಿ ‘ಸೆಕ್ಟರ್ ಝೀರೋ’, ‘ಸೆಕ್ಟರ್ ಒನ್’ ಅಂತ ನಿಯಮ ಹೊರಡಿಸಿತು. ಸಂಗ್ರಹದಲ್ಲಿ ಮೊದಲು ಓದುವ ಭಾಗದಲ್ಲೇ, ಇದನ್ನು ಯಾರು ಯಾವ ರೀತಿಯಲ್ಲಿ ಬರೆದರು ಅಂತ ಹೇಳಿರಬೇಕು. ಅದನ್ನು ಹಿಡಿದು ಮುಂದಿನದನ್ನು ಓದಬೇಕು. ನಿಮ್ಮ ಸಿಡಿಯಲ್ಲಿ ಫೈಲುಗಳ ಪಕ್ಕ ಆ ಫಾಂಟನ್ನೂ ಹಾಕಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು, ಅದೇ ವಿಚಾರ.

---

ಕೊಪ್ಪಳದ ಮೇಷ್ಟ್ರು:

ತಂಗೀ, ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಈ ಪ್ರಶ್ನೆ ಮಸ್ಕಿಯಿಂದ ಬಂದದ್ದು ನೋಡಿ ಸುಮ್ಮನಿರಲು ಆಗಲಿಲ್ಲ. ನಿಮ್ಮ ದುರ್ಗದ ಗುಡ್ಡದ ಬಂಡೆಯಲ್ಲೇ ಈ ಕಥೆ ಇದೆ.

ಅಶೋಕನ ಶಾಸನ ನಮ್ಮ ಕೊಪ್ಪಳದಲ್ಲಿ ಎರಡಿವೆ, ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಪ್ರತಿ ವರ್ಷ ಒಂಬತ್ತನೇ ತರಗತಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಬಂಡೆಯ ಮೇಲೆ ಬೆರಳಾಡಿಸಿ, “ಸರ್, ಇದು ಏನು ಅಕ್ಷರ?” ಅಂತ ಮಕ್ಕಳು ಕೇಳುತ್ತಿದ್ದರು. ಆ ಶಾಸನಗಳ ಬ್ರಾಹ್ಮಿ ಲಿಪಿಯಲ್ಲಿ ‘ಕ’ ಅಂದರೆ ಒಂದು ಕೂಡಿಸುವ ಚಿಹ್ನೆ ಅಷ್ಟೇ. ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸುತ್ತಿದ್ದೆ.

ಬಂಡೆ ಎರಡು ಸಾವಿರ ವರ್ಷ ದಾಟಿ ನಿಂತಿದೆ. ಬಿಸಿಲು, ಮಳೆ, ಯಾವುದಕ್ಕೂ ಜಗ್ಗಿಲ್ಲ. ಓದುವವರೇ ಇಲ್ಲದಾದರು. 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅಶೋಕನ ಕಂಬಗಳನ್ನು ಕಷ್ಟಪಟ್ಟು ದಿಲ್ಲಿಗೆ ತರಿಸಿದ. ಪಂಡಿತರನ್ನು ಕರೆಸಿ ಓದಿ ಅಂದ. ಒಬ್ಬರಿಗೂ ಓದಲು ಬರಲಿಲ್ಲ. ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರಲ್ಲಿ. ಹೇಗೆ ಬಿಡಿಸಿದ ಗೊತ್ತೇ? ಸಾಂಚಿಯ ಸ್ತೂಪದ ಕಟಾಂಜನದ ಮೇಲೆ ಚಿಕ್ಕ ಚಿಕ್ಕ ಬರಹಗಳಿವೆ. ಬಹಳಷ್ಟು ಬರಹಗಳ ಕೊನೆಗೆ ಅದೇ ಎರಡು ಅಕ್ಷರ, ಪಕ್ಕ ಒಂದು ಚುಕ್ಕಿ. ಗುಡಿಗೆ ಕೊಟ್ಟವರು ತಮ್ಮ ಹೆಸರಿನ ಕೊನೆಗೆ ಏನು ಬರೆಸುತ್ತಾರೆ? ‘ದಾನಂ’. ಅಲ್ಲಿಂದ ‘ದ’, ‘ನ’ ಸಿಕ್ಕವು. ಒಂದೊಂದಾಗಿ ಉಳಿದವೂ ಬಿಡಿಸಿಕೊಂಡವು.

ಓದಿದರೂ, ಶಾಸನಗಳು ‘ದೇವರಿಗೆ ಪ್ರಿಯನಾದ’ ಅಂತ ಕರೆಯುವ ಈ ದೊರೆ ಯಾರು ಅಂತ ಬಂಡೆಯಿಂದಲೇ ಖಚಿತವಾಗಲು ನಿಮ್ಮ ಊರೇ ಬೇಕಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಕಂಡರು. ಅದರಲ್ಲಿ ‘ಅಸೋಕಸ’ ಅಂತ ಹೆಸರೇ ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು.

ತಂಗೀ, ನಿಮ್ಮ ಮಾವನವರ ಪದಗಳಲ್ಲಿ ಸೊಲ್ಲು ಇದೆ ಅಂದಿರಿ. ಪ್ರತಿ ನುಡಿಯ ಕೊನೆಗೆ ಅದೇ ಸಾಲು ಬರುತ್ತದೆ, ಅಲ್ವಾ? ಸಾಂಚಿಯ ‘ದಾನಂ’ ಮಾಡಿದ ಕೆಲಸವನ್ನು ಅದು ಮಾಡುತ್ತದೆ. ಆ ಸಾಲು ನಿಮಗೆ ಬಾಯಿಪಾಠ ಇದ್ದರೆ ಬರದಿದ್ದ ಒತ್ತಕ್ಷರಗಳು ಅಲ್ಲೇ ಸಿಗುತ್ತವೆ.

---

ಮಸ್ಕಿ ಡಿಟಿಪಿ:

ಹದಿನೈದು ದಿನ ಆಯಿತು ಉತ್ತರ ಬರೆಯದೆ, ಕ್ಷಮಿಸಿ. ಲಗ್ನದ ಸೀಸನ್ನು.

ಗಂಗಾವತಿ ಅಣ್ಣ ಮೊದಲ ಪದ ತಿರುಗಿಸಿ ಕಳಿಸಿದರು. ಪರಿವರ್ತಕ ಹೇಗೆ ಬಳಸುವುದು ಅಂತ ಫೋನಿನಲ್ಲಿ ಒಂದು ತಾಸು ಕುಳಿತು ಕಲಿಸಿದರು. ಮುಕ್ಕಾಲು ಭಾಗ ಸರಿ ಬಂತು. ಒಂದು ತಪ್ಪು ಮಾತ್ರ ಎಲ್ಲಾ ಪದಗಳಲ್ಲೂ ಕಣ್ಣಿಗೆ ಹೊಡೆಯಿತು. ‘ಕರ್ಬಲ’ ಇರಬೇಕಾದಲ್ಲೆಲ್ಲ ‘ಕಬರ್ಲ’ ಅಂತ ಬಂದಿತ್ತು. ನೋಡಿದರೆ ಕಾರಣ ತಿಳಿಯಿತು. ಹಳೆ ಫಾಂಟಿನಲ್ಲಿ ನಾವು ಕಣ್ಣಿಗೆ ಕಾಣುವ ಕ್ರಮದಲ್ಲೇ ಟೈಪ್ ಮಾಡುತ್ತಿದ್ದೆವು. ಕ, ಬ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ. ಕ, ರ್, ಬ. ಫೈಲಿನಲ್ಲಿ ಅರ್ಕಾವತ್ತು ‘ಬ’ದ ನಂತರ ಕೂತಿತ್ತು, ಪರಿವರ್ತಕ ಅದನ್ನು ಅಲ್ಲೇ ಬಿಟ್ಟಿತ್ತು. ಅದನ್ನು ಎಲ್ಲ ಕಡೆ ಒಂದೇ ಸಲ ಸರಿ ಮಾಡಿದೆ.

ಚೌಕ ಬಂದ ಒತ್ತಕ್ಷರಗಳಿಗೆ ಮೇಷ್ಟ್ರು ಹೇಳಿದ ಹಾಗೆ ಸೊಲ್ಲು ಹಿಡಿದೆ. ಮೊದಲನೇ ಪದದಲ್ಲಿ ಅದೇ ಗೊಂದಲದ ಸಾಲು ಒಂಬತ್ತು ಸಲ ಬಂದಿತ್ತು. ಮಾವನ ದನಿಯಲ್ಲಿ ಆ ಪದ ಮನಸ್ಸಿನಲ್ಲೇ ಹಾಡಿಕೊಂಡೆ. ಸೊಲ್ಲು ಬರುವ ಜಾಗಕ್ಕೆ ಸಾಲು ಸರಿಯಾಗಿ ಬಂದು ಕೂತಿತು. ಅಲ್ಲಿಂದ ಆರು ಒತ್ತಕ್ಷರ ಸಿಕ್ಕವು. ನನಗೆ ಸೊಲ್ಲು ಮರೆತ ಪದಗಳಿಗೆ ಮಾವನ ಜೊತೆ ಹಾಡುತ್ತಿದ್ದ ಒಬ್ಬ ಅಜ್ಜನನ್ನು ಅಂಗಡಿಗೆ ಕರೆಸಿದೆವು. ಅವರಿಗೆ ಈಗ ಕಣ್ಣು ಮಂಜು. ನಾನು ಓದಬಲ್ಲ ನಾಲ್ಕು ಅಕ್ಷರ ಹೇಳಿದರೆ ಸಾಕು, ಅವರು ಇಡೀ ನುಡಿ ಎತ್ತಿ ಹಾಡುತ್ತಾರೆ.

ದೇವದುರ್ಗದ ತಮ್ಮಾ, ನೀನು ಬರೆದ ‘ಸೆಕ್ಟರ್ ಝೀರೋ’ ವಿಚಾರ ಮಗನಿಗೆ ಓದಿ ಹೇಳಿದೆ. ನಾವೂ ಒಂದು ಮಾಡಿದ್ದೇವೆ. ಒಂದು ಹಾಳೆ. ಎಡಕ್ಕೆ ಹಳೆ ಫಾಂಟಿನ ಗುರುತು, ನಡುವೆ ಕನ್ನಡ ಅಕ್ಷರ, ಬಲಕ್ಕೆ ಯೂನಿಕೋಡ್ ನಂಬರ್. ‘ಕ’ದ ಸಾಲಿನಲ್ಲಿ 3221 ಅಂತ ಮಗ ಬರೆದ. ಅದರ ಕೆಳಗೆ ಒಂದು ಪದ ಪೂರ್ತಿ, ಹಳೆಯದರಲ್ಲಿ ಹೇಗಿತ್ತು, ಈಗ ಹೇಗಿದೆ ಅಂತ ಎರಡು ರೀತಿಯಲ್ಲೂ. ಕಂಪ್ಯೂಟರ್ ಪ್ರಿಂಟಿನ ಜೊತೆಗೆ ಕೈಯಿಂದಲೂ ಒಂದು ಪ್ರತಿ ಬರೆದು ಲ್ಯಾಮಿನೇಷನ್ ಮಾಡಿಸಿದೆ. ಸಿಡಿಯ ಡಬ್ಬಿಯಲ್ಲಿ ಒಂದು, ಪೆನ್‌ಡ್ರೈವ್ ಇಟ್ಟ ಕವರಿನಲ್ಲಿ ಒಂದು, ಅಜ್ಜನ ಮನೆಯಲ್ಲಿ ಒಂದು. ಪುಸ್ತಕ ಅಚ್ಚಾದಾಗ ಕೊನೆಯ ಪುಟದಲ್ಲಿ ಅದನ್ನೇ ಹಾಕಿಸುತ್ತೇನೆ.

71 ಪದ ಮುಗಿದಿವೆ. ಇನ್ನೂ 241 ಇವೆ. ನಾಳೆ ಅಮಾವಾಸ್ಯೆ, ಗಿರಾಕಿ ಕಡಿಮೆ. ಅಜ್ಜ ಮಧ್ಯಾಹ್ನ ಬರುತ್ತೇನೆ ಅಂದಿದ್ದಾರೆ.